ಭಾನುವಾರದ ವಿಷಯ: ನಲವತ್ತು ದಾಟಿದ ಮನಸ್ಸು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಕೋಲಾರದ ನಮ್ಮ ಮನೆ ಮಹಡಿ ಮೇಲೆ ಸೇರೋಣ. ವ್ಯಕ್ತಿತ್ವ ಮುಪ್ಪಿನವರೆಗೂ 8 ಹಂತಗಳಲ್ಲಿ ಬೆಳೆಯುತ್ತದೆ ಎಂದು 1950ರಲ್ಲೇ ಬರೆದ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಬಗ್ಗೆ ಮಾತು. ಏಳನೆಯ ಹಂತ ಸಾಕು. ಸುಮಾರು 40ರಿಂದ 65 ವರ್ಷ ವಯಸ್ಸು, ನಮ್ಮಲ್ಲಿ ಜಾಸ್ತಿ ಜನ ಅಲ್ಲೇ ಇದ್ದೇವೆ ಅಲ್ವಾ! ಮುಂದಿನವರಿಗೆ ಏನಾದರೂ ಬೆಳೆಸಿಕೊಡುವ ಆಸೆ ಒಂದು ಕಡೆ, ನಿಂತ ನೀರಾಗುವ ಭಯ ಇನ್ನೊಂದು ಕಡೆ.

ಸ್ವಂತ ಮಕ್ಕಳೇ ಇರಬೇಕು ಅಂತಲ್ಲ. ಶ್ರೀನಿವಾಸಪುರದಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರು ಪಕ್ಕದ ಮನೆ ಹುಡುಗನಿಗೆ ಮಾವಿನ ಕಸಿ ಕಟ್ಟುವುದು ಕಲಿಸುತ್ತಿದ್ದರು. ಬ್ಲೇಡು ಅವನ ಕೈಗೇ ಕೊಟ್ಟು, ತಾವು ಪ್ಲಾಸ್ಟಿಕ್ ಪಟ್ಟಿ ಹಿಡಿದು ಸುಮ್ನೆ ಕಾದರು. ಇದೂ ಅದೇ. ವಯಸ್ಸಿನ ಗೆರೆಯನ್ನು ಮಾತ್ರ ನಾನು ಅಷ್ಟು ನಂಬುವುದಿಲ್ಲ.

ಕಾಫಿ ನಮ್ಮದು, ಲೋಟ ನೀವೇ ತನ್ನಿ.