ವ್ಯಸನಮುಕ್ತಿ ಆಪ್ತಸಮಾಲೋಚಕರ ನೋಂದಣಿಗೆ ದಾರಿ ಮಾಡಿ

ಮಾನ್ಯರೇ,

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಮನಃಶಾಸ್ತ್ರ ಓದಿದ ನಮ್ಮ ಶಿವಮೊಗ್ಗ ಜಿಲ್ಲೆಯ ಯುವಜನರು ವ್ಯಸನಮುಕ್ತಿ ಆಪ್ತಸಮಾಲೋಚಕರಾಗಲು ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಕೆಲಸಕ್ಕೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಲೈಸೆನ್ಸ್ ಇಲ್ಲ. ಆನ್‌ಲೈನ್ ಕೋರ್ಸ್ ಮುಗಿಸಿದರೆ ಲೈಸೆನ್ಸ್ ಕೈಗೆ ಬರುತ್ತದೆ ಎನ್ನುವವರಿಗೆ ದಯವಿಟ್ಟು ಹಣ ಕಟ್ಟಬೇಡಿ. ಕೊಲಂಬೊ ಪ್ಲಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವ್ಯಸನ ಚಿಕಿತ್ಸೆಯ ಪಠ್ಯಕ್ರಮ ಕಲಿಕೆಗೆ ನಿಜಕ್ಕೂ ಒಳ್ಳೆಯದು. ಆದರೆ ಅದರ ಪ್ರಮಾಣಪತ್ರವನ್ನೂ ಸರ್ಕಾರಿ ನೋಂದಣಿ ಎಂದು ತಿಳಿಯುವಂತಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ಅದರಡಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಇರುವುದು ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಮತ್ತು ಮಾನಸಿಕ ಆರೋಗ್ಯ ಶುಶ್ರೂಷಕರಿಗೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಿ ನೋಂದಣಿಗೆ ಎಂಎಸ್‌ಡಬ್ಲ್ಯು ಒಂದೇ ಸಾಲದು. ಅದರ ಮೇಲೆ ಆ ವಿಷಯದಲ್ಲೇ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು. ತೊಡಕಿರುವುದು ಇಲ್ಲೇ. ಯುಜಿಸಿ 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟು, ಈ ವಿಷಯಕ್ಕೆ 2025–26ರವರೆಗಷ್ಟೇ ವಿನಾಯಿತಿ ಕೊಟ್ಟಿತು. ಮುಂದೆ ಓದುವವರ ಗತಿಯೇನು?

ತರಬೇತಿ ಇಲ್ಲದವರು ಸಲಹೆ ಕೊಟ್ಟರೆ ಜೀವಕ್ಕೇ ಅಪಾಯ. ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ ದಿನವೂ ಕುಡಿಯುವವನಿಗೆ ‘ಮನಸ್ಸು ಗಟ್ಟಿ ಮಾಡಿ ಇವತ್ತೇ ಬಿಟ್ಟುಬಿಡು’ ಎಂದರೆ, ಆರೆಂಟು ಗಂಟೆಯಲ್ಲಿ ಕೈ ನಡುಗಬಹುದು, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು–ಮೂರನೇ ದಿನ ಇಲ್ಲದ್ದು ಕಂಡು ಬಡಬಡಿಸಬಹುದು. ಹೊಸನಗರದ ಘಟ್ಟದ ಅಂಚಿನ ಮನೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತರುವಷ್ಟರಲ್ಲಿ ತಡವಾಗುತ್ತದೆ. ತರಬೇತಾದವರು ಮೊದಲು ಕುಡಿತದ ಮಟ್ಟ ಅಳೆಯುವ ‘ಆಡಿಟ್’ ಪ್ರಶ್ನಾವಳಿಯ ಹತ್ತು ಪ್ರಶ್ನೆ ಕೇಳುತ್ತಾರೆ. 40ಕ್ಕೆ 20 ಅಥವಾ ಹೆಚ್ಚು ಅಂಕ ಬಂದರೆ, ಹಿಂದೆ ಫಿಟ್ಸ್ ಬಂದಿದ್ದರಂತೂ ಅಂಕ ಎಷ್ಟೇ ಇರಲಿ, ಮಾತಿಗಿಂತ ಮೊದಲು ವೈದ್ಯರ ಬಳಿ ಕಳಿಸುತ್ತಾರೆ.

2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಆರೋಗ್ಯ ಆಪ್ತಸಮಾಲೋಚಕರಿದ್ದಾರೆ. ವ್ಯಸನಮುಕ್ತಿಯವರು ಯಾವ ವರ್ಗಕ್ಕೆ ಸೇರುತ್ತಾರೆ, ಎಷ್ಟು ಗಂಟೆ ಮೇಲ್ವಿಚಾರಣೆಯ ತರಬೇತಿ ಬೇಕು ಎಂಬುದನ್ನು ರಾಜ್ಯ ಸರ್ಕಾರ ಲಿಖಿತವಾಗಿ ಹೇಳಬೇಕು. ಮೆಗ್ಗಾನ್‌ನ ಮನೋವೈದ್ಯ ವಿಭಾಗದಲ್ಲೂ ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಕ್ಲಿನಿಕ್‌ಗಳಲ್ಲೂ ಆ ಗಂಟೆಗಳನ್ನು ಪೂರೈಸಲು ಅವಕಾಶ ಕೊಡಲಿ. ಅಲ್ಲಿಯವರೆಗೆ, ಯಾವುದೇ ವ್ಯಸನಮುಕ್ತಿ ಕೇಂದ್ರಕ್ಕೆ ಕಲಿಯಲು ಸೇರುವ ಮುನ್ನ ಅದರ ನೋಂದಣಿ ಪತ್ರವನ್ನು ಕೇಳಿ ನೋಡಿ. 2017ರ ಕಾಯ್ದೆಯಡಿ ನೋಂದಣಿ ಇಲ್ಲದೆ ಕೇಂದ್ರ ನಡೆಸಿದರೆ ಮೊದಲ ಸಲವೇ 5,000ದಿಂದ 50,000 ರೂಪಾಯಿವರೆಗೆ ದಂಡವಿದೆ.

– ವ್ಯಸನಮುಕ್ತಿ ಕ್ಷೇತ್ರದ ಕಾರ್ಯಕರ್ತರು, ಶಿವಮೊಗ್ಗ