ಸೆರೆಸಿಕ್ಕ ಹಡಗಿನ ಕಥೆ ಬರೆಯುವಾಗ

ಪ್ರೀತಿಯ ತಂಗಿ,

ನಿನ್ನ ಕರಡಿನಲ್ಲಿ ಫ್ರೆಂಚ್ ಯುದ್ಧನೌಕೆ ದ್ಯುಗೆ-ತ್ರೂಆಂ ಶರಣಾಗಿ ಬಾವುಟ ಇಳಿಸಿದೊಡನೆ ಕಥೆ ಮುಗಿದುಹೋಗಿದೆ. 1800ರಲ್ಲಿ ರೋಶ್‌ಫೋರ್‌ನಲ್ಲಿ ನೀರಿಗಿಳಿದ ಈ ಹಡಗು, ಬ್ರಿಟಿಷರು ಫ್ರೆಂಚ್-ಸ್ಪ್ಯಾನಿಷ್ ಪಡೆಯನ್ನು ಸೋಲಿಸಿದ ಟ್ರಫಾಲ್ಗರ್ ನೌಕಾಯುದ್ಧದಲ್ಲಿ ತಪ್ಪಿಸಿಕೊಂಡು, ಎರಡೇ ವಾರಕ್ಕೆ, 1805ರ ನವೆಂಬರ್ 4ರಂದು ಸ್ಪೇನಿನ ಒರ್ತೆಗಾಲ್ ಭೂಶಿರದ ಬಳಿ ಬ್ರಿಟಿಷ್ ನೌಕಾಧಿಕಾರಿ ಸ್ಟ್ರಾಚನ್‌ನ ಪಡೆಗೆ ಸಿಕ್ಕಿತು. ಆಮೇಲೆ ಅದು ಬ್ರಿಟಿಷರ ಬಳಿ ಬಾಳಿದ್ದು 144 ವರ್ಷ. ನೀನು ಬರೆಯಬೇಕಾದದ್ದು ಅದನ್ನು.

ಹಡಗು ಶರಣಾದರೆ ಅಪಾಯ ಮುಗಿಯಿತೆಂದಲ್ಲ. ಆ ಕಾಲದಲ್ಲಿ ಗೆದ್ದವರ ಒಬ್ಬ ಅಧಿಕಾರಿ ಕೆಲವೇ ನಾವಿಕರೊಂದಿಗೆ ಅದನ್ನು ಹತ್ತಿ, ಹಾಯಿ ಕಟ್ಟುವ ಮುರಿದ ಕೂವೆಮರಗಳ ಜಾಗದಲ್ಲಿ ತಾತ್ಕಾಲಿಕ ಮರ ನಿಲ್ಲಿಸಿ, ಒಳಗೆ ನುಗ್ಗುವ ನೀರನ್ನು ಪಂಪಿನಿಂದ ಎತ್ತಿಸುತ್ತ, ಸೆರೆಯಾಳುಗಳನ್ನೂ ಕಾಯುತ್ತ ಬಂದರು ಮುಟ್ಟಿಸಬೇಕಿತ್ತು. ಟ್ರಫಾಲ್ಗರ್‌ನಲ್ಲಿ ಹಿಡಿದ ಹಡಗುಗಳಲ್ಲಿ ಬಹುಪಾಲು ಕೈತಪ್ಪಿದ್ದು ಯುದ್ಧದ ನಂತರದ ಬಿರುಗಾಳಿಯಲ್ಲಿ. ಬಂದರು ಮುಟ್ಟಿದ ಮೇಲೆ ನ್ಯಾಯಾಲಯ ಹಡಗನ್ನು ಸಕ್ರಮ ವಶವೆಂದು ತೀರ್ಪು ಕೊಡಬೇಕಿತ್ತು, ಹಡಗುಕಟ್ಟೆಯವರು ಅಳತೆ ಮಾಡಿ ಬೆಲೆ ಕಟ್ಟಬೇಕಿತ್ತು. ನೌಕಾಪಡೆ ಕೊಂಡರೆ ಆ ಹಣ ಹಿಡಿದವರಿಗೆ ಹಂಚಿಕೆಯಾಗುತ್ತಿತ್ತು. ಶತ್ರು ಹಡಗಿನಲ್ಲಿದ್ದ ಪ್ರತಿ ತಲೆಗೆ 5 ಪೌಂಡ್ ಹಣ ಬೇರೆ. ನಿನ್ನ ಪಾತ್ರಗಳ ಆಸೆ, ಜಗಳ ಎಲ್ಲವೂ ಇಲ್ಲಿಂದ ಹುಟ್ಟಲಿ.

ಫಿರಂಗಿಗಳ ವಿಷಯದಲ್ಲಿ ನಿಖರವಾಗಿರು. ಇಂಥ ಫ್ರೆಂಚ್ ಹಡಗಿನ ಕೆಳ ಅಂತಸ್ತಿನ ಫಿರಂಗಿ 36 ಪೌಂಡ್ ಗುಂಡಿನದು. ಆದರೆ ಫ್ರೆಂಚ್ ಪೌಂಡ್ ಹೆಚ್ಚು ತೂಕದ್ದು, ಹಾಗಾಗಿ ಆ ಗುಂಡು ಸುಮಾರು 17.6 ಕೆ.ಜಿ. ಬ್ರಿಟಿಷರ 32 ಪೌಂಡಿನ ಗುಂಡು 14.5 ಕೆ.ಜಿ. ಅಷ್ಟೇ. ಬ್ರಿಟಿಷರ ಉಗ್ರಾಣದ ಗುಂಡು ಆ ನಳಿಗೆಗೆ ಹೊಂದುವುದಿಲ್ಲ. ಅದಕ್ಕೇ ಫಿರಂಗಿಗಳನ್ನೇ ಬದಲಿಸುತ್ತಿದ್ದರು. ನಿನ್ನ ಹಡಗನ್ನು ಕರೆಯುವ "74 ಫಿರಂಗಿಯ ಹಡಗು" ಎಂಬುದು ದರ್ಜೆಯ ಹೆಸರು. ನಿಜವಾಗಿ ಹೊತ್ತ ಫಿರಂಗಿಗಳು ಹೆಚ್ಚಿರಬಹುದು. ಆ ಎರಡನ್ನು ಬೆರೆಸಬೇಡ.

ಹೆಸರೂ ಹಾಗೆಯೇ. ಜೊತೆಯಲ್ಲಿ ಸಿಕ್ಕ ಸಿಪಿಯೋಂ ತನ್ನ ಹೆಸರು ಉಳಿಸಿಕೊಂಡಿತು. ಫಾರ್ಮಿಡೇಬಲ್ ಎಂಬ ಹಡಗು ಬ್ರಿಟಿಷರಲ್ಲಿ ಆಗಲೇ ಇದ್ದುದರಿಂದ, ಸೆರೆಸಿಕ್ಕ ಅದೇ ಹೆಸರಿನ ಫ್ರೆಂಚ್ ಹಡಗು ಬ್ರೇವ್ ಆಯಿತು. ನಿನ್ನ ದ್ಯುಗೆ-ತ್ರೂಆಂ ಇಂಪ್ಲಾಕೇಬಲ್ ಆಯಿತು. ಸೇವೆಗೆ ಸೇರಿದ ಮೇಲೆ ಹಳೆಯ ಹೆಸರನ್ನು ನಾವಿಕರ ಬಾಯಲ್ಲಿ ಹಾಕಿದರೂ ನಿರೂಪಣೆಯಲ್ಲಿ ಬಳಸಬೇಡ.

1808ರ ಆಗಸ್ಟ್ 26ರಂದು ಬಾಲ್ಟಿಕ್‌ನಲ್ಲಿ ಇದೇ ಹಡಗು ಬ್ರಿಟಿಷ್ ಹಡಗು ಸೆಂಟಾರ್ ಜೊತೆಗೂಡಿ ರಷ್ಯದ ಯುದ್ಧನೌಕೆ ವ್ಸೆವೊಲೊದ್ ಅನ್ನು ಸೋಲಿಸಿತು. ವ್ಸೆವೊಲೊದ್‌ನ ತಳ ನೆಲಕ್ಕೆ ಸಿಕ್ಕಿಕೊಂಡಿದ್ದರಿಂದ ಎಳೆದೊಯ್ಯಲಾಗದೆ ಸುಟ್ಟರು. ಸೆರೆಯಾದ ಹಡಗೇ ಇನ್ನೊಂದನ್ನು ಸೆರೆಹಿಡಿದ ಈ ದಿನಕ್ಕೆ ಪೂರ್ತಿ ಅಧ್ಯಾಯ ಕೊಡು. 1840ರ ಸಿರಿಯಾ ಕರಾವಳಿಯ ಕಾರ್ಯಾಚರಣೆಗೆ ಒಂದು ಪುಟ ಸಾಕು. 1855ರಿಂದ ಡೆವನ್‌ಪೋರ್ಟ್‌ನಲ್ಲಿ ಹುಡುಗರ ತರಬೇತಿ ಹಡಗು. ಕೊನೆಗೆ ದುರಸ್ತಿಯ ಖರ್ಚು ಹೊರಲಾಗದೆ 1949ರ ಡಿಸೆಂಬರ್ 2ರಂದು, ಬ್ರಿಟನ್, ಫ್ರಾನ್ಸ್ ಎರಡೂ ದೇಶಗಳ ಬಾವುಟ ಹಾರಿಸಿ, ಇಂಗ್ಲಿಷ್ ಕಾಲುವೆಯಲ್ಲಿ ಸ್ಫೋಟಿಸಿ ಮುಳುಗಿಸಿದರು.

ಹಿಂಬದಿಯ ಕೆತ್ತನೆಯನ್ನು ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಉಳಿಸಿದ್ದಾರೆ. ಅದರ ಚಿತ್ರ ಎದುರಿಗಿಟ್ಟುಕೊಂಡೇ ನಾಯಕನ ಕೋಣೆಯನ್ನು ವರ್ಣಿಸು. ಬಾಲ್ಟಿಕ್ ಅಧ್ಯಾಯ ಆದೊಡನೆ ಕಳಿಸು.

ಇತಿ,
ನಿನ್ನ ಅಣ್ಣ