ನಮ್ಮ ತಪ್ಪು ತೋರಿಸಿಕೊಟ್ಟವರಿಗೆಲ್ಲ ಥ್ಯಾಂಕ್ಸ್

ನಿನ್ನೆಗೆ ನಮ್ಮ ಸಿನಿಮಾ 25 ದಿನ ಪೂರೈಸಿತು. ದೊಡ್ಡವರ ಚಿತ್ರಗಳಿಗೆ ಇದು ಲೆಕ್ಕಕ್ಕೇ ಇಲ್ಲ. ನಮಗೆ ಮಾತ್ರ ಹಬ್ಬ. ಬಿಡುಗಡೆಯಾದ ಮೊದಲ ಸೋಮವಾರವೇ ಮಲ್ಟಿಪ್ಲೆಕ್ಸ್‌ಗಳಿಂದ ನಮ್ಮನ್ನು ಎತ್ತಿ ಹಾಕಿದ್ದರು. ಉಳಿದದ್ದು ಬೆಂಗಳೂರಿನಲ್ಲಿ ಒಂದೇ ಚಿತ್ರಮಂದಿರ, ಒಂದೇ ಆಟ, ಅದೂ ಬೆಳಗ್ಗೆ ಹತ್ತೂವರೆಗೆ. ಆ ಹೊತ್ತಿಗೆ ಯಾರು ಬರ್ತಾರೆ ಅಂದುಕೊಂಡಿದ್ದೆ. ಅರ್ಧ ದಿನ ರಜೆ ಹಾಕಿ ಬಂದರು. ತರಕಾರಿ ಚೀಲ ಹಿಡಿದುಕೊಂಡೇ ಬಂದರು. ಎರಡನೇ ವಾರ ಅದೇ ಥಿಯೇಟರಿನವರು ಸಂಜೆಯ ಆಟವನ್ನೂ ಕೊಟ್ಟರು. ಅಷ್ಟೂ ಜನಕ್ಕೆ ಮೊದಲ ನಮಸ್ಕಾರ.

ಸಿನಿಮಾ ನೋಡದವರಿಗೆ ಕಥೆ ಇಷ್ಟು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವನೊಬ್ಬ ಹೆಂಡತಿ, ಮಗಳ ಜೊತೆ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಗೆ ವಾಪಸ್ ಹೋಗುತ್ತಾನೆ. ಬೀಗ ಹಾಕಿದ ಮನೆ, ಎರಡು ಎಕರೆ ಅಡಿಕೆ ತೋಟ. ಅಲ್ಲಿಂದ ಮತ್ತೆ ಬದುಕು ಶುರು ಮಾಡಬೇಕು. ಇದನ್ನು ನಾನು ಬರೆದದ್ದು ಹನುಮಂತನಗರದ ಬಾಡಿಗೆ ಮನೆಯಲ್ಲಿ, ಫ್ಯಾನ್ ಕೆಳಗೆ ಕೂತು. ನಮ್ಮ ತಾತನೂ ಆ ಕಡೆಯವರೇ. ಆದರೆ ನಾನು ಬೇಸಿಗೆ ರಜೆಯಲ್ಲಿ ಹೋಗಿ ಹಲಸಿನ ಹಪ್ಪಳ ತಿಂದು ಬಂದವನು, ಅಷ್ಟೇ. ಹಾಗಾಗಿ ನನ್ನ ಮೊದಲ ಸ್ಕ್ರಿಪ್ಟಿನಲ್ಲಿ ನಾಯಕ ಬೀಗ ತೆಗೆಯುತ್ತಾನೆ, ಕಸ ಗುಡಿಸುತ್ತಾನೆ, ಮಾರನೇ ದಿನ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ಒಂದು ಹಾಡು ಮುಗಿಯುವಷ್ಟರಲ್ಲಿ ತೋಟ ಹಸಿರಾಗುತ್ತದೆ.

ಅದನ್ನು ಓದಿ ಮೊದಲು ನಕ್ಕವರು ನಾಡಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ದೂರದ ಚಿಕ್ಕಪ್ಪ. "ಪಹಣಿ ಯಾರ ಹೆಸರಲ್ಲಿದೆ?" ಅಂದರು. ಅಜ್ಜನ ಹೆಸರಲ್ಲಿ ಅಂದೆ. "ಅಜ್ಜ ಹೋಗಿ ಎಷ್ಟು ವರ್ಷ ಆಯ್ತು? ಮೊದಲು ಪೌತಿ ಖಾತೆ ಆಗಬೇಕಲ್ಲ ಮಾರಾಯ, ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಬೇಕಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಮೇಲೆ ಬೊಂಬಾಯಿಯಲ್ಲಿರೋ ಅತ್ತೆಯನ್ನೂ ಕೇಳಬೇಕು. ಸಾಲ ಆಮೇಲಿನ ಮಾತು." ಸಿನಿಮಾದಲ್ಲಿ ಬರುವ ಅತ್ತೆಯ ಪಾತ್ರ ಹುಟ್ಟಿದ್ದೇ ಹೀಗೆ. ನೋಡಿದವರೆಲ್ಲ ಅವಳನ್ನೇ ಹೊಗಳುತ್ತಿದ್ದಾರೆ. ಚಿಕ್ಕಪ್ಪನಿಗೆ ಇದು ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.

ಇನ್ನು ನಮಗೆ ತೋಟ ಬಿಟ್ಟುಕೊಟ್ಟ ಅಣ್ಣಯ್ಯ. ಅವರ ಋಣ ದೊಡ್ಡದು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸೀನ್ ಇತ್ತು. ನಾಯಕ ಮೊದಲ ಸಲ ಬೋರ್ಡೋ, ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ, ಕಲಸುತ್ತಾನೆ. ಚೆಂದ ಕಾಣಲಿ ಅಂತ ನಮ್ಮ ಕಲಾ ನಿರ್ದೇಶಕ ಎಲ್ಲಿಂದಲೋ ಹಳೇ ಕಬ್ಬಿಣದ ಹಂಡೆ ಹೊತ್ತು ತಂದಿದ್ದ. ಅಣ್ಣಯ್ಯ ದೂರದಲ್ಲಿ ಅಡಿಕೆ ಹಾಳೆ ಮೇಲೆ ಕೂತಿದ್ದವರು ಎದ್ದು ಬಂದರು. "ಎಂತ ಇದು? ಮೈಲುತುತ್ತ ಯಾರಾದ್ರೂ ಕಬ್ಬಿಣದ ಹಂಡೆಗೆ ಹಾಕ್ತಾರಾ?" ಅಂತ ಮನೆಯ ಹಿಂದಿನಿಂದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ಉರುಳಿಸಿಕೊಂಡು ಬಂದರು. ಒಂದು ಕೆಜಿ ಮೈಲುತುತ್ತ ಐವತ್ತು ಲೀಟರ್ ನೀರಿಗೆ. ಒಂದು ಕೆಜಿ ಸುಣ್ಣ ಬೇರೆ ಐವತ್ತು ಲೀಟರಿಗೆ. ಆಮೇಲೆ ತುತ್ತದ ನೀರನ್ನು ನಿಧಾನಕ್ಕೆ ಸುಣ್ಣದ ನೀರಿಗೆ ಹೊಯ್ಯಬೇಕು, ಕೋಲಿನಲ್ಲಿ ಕಲಕುತ್ತಲೇ ಇರಬೇಕು. ಎರಡೂ ಸೇರುವಾಗ ಬರುವ ಆ ಆಕಾಶದ ಬಣ್ಣ ಇದೆಯಲ್ಲ, ಯಾವ ಹಂಡೆಯೂ ಬೇಕಿರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಆಮೇಲೆ. ಸೊಂಟದಲ್ಲಿದ್ದ ಕತ್ತಿ ತೆಗೆದು ದ್ರಾವಣದಲ್ಲಿ ಅದ್ದಿ ಹಿಡಿದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಕಬ್ಬಿಣದ ಅಲಗಿನ ಮೇಲೆ ಕೆಂಪಗೆ ತಾಮ್ರದ ಕರೆ. "ಸುಣ್ಣ ಸಾಲದು." ಇನ್ನೊಂದು ಬೊಗಸೆ ಸುಣ್ಣದ ತಿಳಿ, ಮತ್ತೆ ಕತ್ತಿ. ಈ ಸಲ ಅಲಗು ಹಾಗೇ ಬಂತು. "ಈಗ ಹೊಡಿ." ಒಂದು ಮಾತು ಜಾಸ್ತಿ ಆಡಲಿಲ್ಲ. ನಾನು ಬರೆದಿದ್ದ ಒಂದೂವರೆ ಪುಟ ಸಂಭಾಷಣೆ ಅಲ್ಲೇ ಹರಿದು ಹಾಕಿದೆ. ಸಿನಿಮಾದಲ್ಲಿ ಪಕ್ಕದ ಮನೆಯ ಮುದುಕ ಆ ಕತ್ತಿ ಅದ್ದುವ ದೃಶ್ಯಕ್ಕೆ ಥಿಯೇಟರಿನಲ್ಲಿ ಪ್ರತಿ ದಿನ ಗುಸುಗುಸು ಕೇಳಿಸುತ್ತದೆ. ಮಲೆನಾಡಿನವರು ಪಕ್ಕದ ಸೀಟಿನವರಿಗೆ ವಿವರಿಸುತ್ತಿರುತ್ತಾರೆ. ಅಂದಹಾಗೆ ನಾವು ಅದನ್ನು ಡಿಸೆಂಬರ್‌ನಲ್ಲಿ ಶೂಟ್ ಮಾಡೋದು ಅಂತಿತ್ತು. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯುವ ಔಷಧಿ ಅದು. ಆ ಒಂದು ಸೀನಿಗಾಗಿ ಮೇ ಕೊನೆಯ ತನಕ ಕಾದೆವು. ಅಷ್ಟರಲ್ಲಿ ದುಡ್ಡು ಹಾಕುತ್ತಿದ್ದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಅದರ ಬಗ್ಗೆ ಇಷ್ಟೇ ಸಾಕು.

ಆಗ ಕೈ ಹಿಡಿದವಳು ನನ್ನ ಅಕ್ಕ. ಮಗಳ ಕಾಲೇಜಿಗೆ ಅಂತ ಚೀಟಿ ಹಾಕಿದ್ದಳು. ಎರಡನೇ ತಿಂಗಳಲ್ಲೇ, ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡು ಕೂಗಿ, ಎತ್ತಿ ತಂದುಕೊಟ್ಟಳು. "ನೀನೇನೂ ಹೇಳ್ಬೇಡ, ಸುಮ್ನೆ ತಗೋ" ಅಂದಳು. ಎಷ್ಟು ಕಳೆದುಕೊಂಡಳು ಅಂತ ಭಾವನಿಗೆ ಗೊತ್ತಿಲ್ಲ. ಈಗ ಗೊತ್ತಾಯಿತು. ಭಾವ, ಸಿಟ್ಟಾಗಬೇಡಿ.

ಶಬ್ದದ ಹುಡುಗರ ಕಥೆ ಬೇರೆ. ಜಗಲಿಯಲ್ಲಿ ಹೆಂಗಸರು ಅಡಿಕೆ ಸುಲಿಯುವ ಸೀನಿನಲ್ಲಿ ಮಳೆ ಜೋರಾಗಿ ಬಂದು ಕತ್ತಿಯ ಸದ್ದು ಕೇಳಿಸುತ್ತಲೇ ಇರಲಿಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಎಳನೀರಿನ ಸಿಪ್ಪೆ, ಕಬ್ಬು, ಮೂಲಂಗಿ, ಏನೇನೋ ಕೊಯ್ದು ನೋಡಿದರು. ಯಾವುದೂ ಅಡಿಕೆ ಅನ್ನಿಸಲಿಲ್ಲ. ಕೊನೆಗೆ ಅಣ್ಣಯ್ಯನೇ ಒಂದು ಮೂಟೆ ಹಸಿ ಅಡಿಕೆ, ಜೊತೆಗೆ ಅದನ್ನು ಸುಲಿಯುವ ಒಂದು ಮೆಟ್ಟುಗತ್ತಿ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರು. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಅದನ್ನು ಇಳಿಸಿಕೊಂಡ ನಮ್ಮ ಸಹಾಯಕನನ್ನು ಆಟೋದವರು ಮಂಡಿ ವ್ಯಾಪಾರಿ ಅಂದುಕೊಂಡು ರೇಟ್ ಕೇಳಿದರಂತೆ. ಸುಲಿಯುವವರು ಬೇಕಲ್ಲ? ಸ್ಟುಡಿಯೋ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮಗನ ಮನೆಗೆ ಬಂದಿದ್ದ ಸಾಗರದ ಅಮ್ಮನೊಬ್ಬರು ಸಿಕ್ಕಿದರು. ಎಸಿ ರೂಮಿನಲ್ಲಿ ಚಾಪೆ ಹಾಕಿ ಕೂತು, ಮೈಕಿನ ಕಡೆ ಒಮ್ಮೆಯೂ ನೋಡದೆ ಒಂದು ಗಂಟೆ ಸುಲಿದರು. "ಎಷ್ಟು ವರ್ಷ ಆಗಿತ್ತು ಮಗಾ" ಅಂದರು. ದುಡ್ಡು ಕೊಡಲು ಹೋದರೆ ಬೈದರು. ಅಮ್ಮ, ನಿಮ್ಮ ಕೈಯ ಸದ್ದು ಸಿನಿಮಾದಲ್ಲಿ ಎರಡು ನಿಮಿಷ ಇದೆ. ಹಿನ್ನೆಲೆ ಸಂಗೀತ ಅಲ್ಲಿ ಬೇಡವೇ ಬೇಡ ಅಂತ ಹಟ ಹಿಡಿದ ನಮ್ಮ ಸಂಗೀತ ನಿರ್ದೇಶಕರಿಗೂ ಥ್ಯಾಂಕ್ಸ್. ತಮ್ಮ ಕೆಲಸವನ್ನೇ ಬೇಡ ಅನ್ನೋರು ಎಷ್ಟು ಜನ ಸಿಗ್ತಾರೆ ಹೇಳಿ.

ಒಂದು ಹಸುವಿಗೂ ಇಲ್ಲಿ ಜಾಗ ಕೊಡಬೇಕು. ಎರಡು ಸೀನಿನಲ್ಲಿ ಸುಮ್ನೆ ಮೆಲುಕು ಹಾಕುತ್ತ ನಿಂತಿದೆ. ಅದಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕು, ಮಂಡಳಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಆ ಅರ್ಜಿ ತುಂಬಿ, ಫಾಲೋ ಅಪ್ ಮಾಡಿ, ಕೋರಮಂಗಲದ ಸೆನ್ಸಾರ್ ಕಚೇರಿಗೆ ಓಡಾಡಿದ ನಮ್ಮ ಮ್ಯಾನೇಜರ್ ಈಗಲೂ ಹಸು ಕಂಡರೆ ರಸ್ತೆಯ ಆ ಕಡೆಗೆ ಹೋಗುತ್ತಾರೆ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಜ್ಜಿಯ ಮುಖದ ಕೆಳಗೆ ತಂಬಾಕಿನ ಎಚ್ಚರಿಕೆ ಬರುತ್ತದಲ್ಲ, ಅದನ್ನು ಓದಿ ನಗುವವರಿಗೂ ವಂದನೆ.

ಮೊನ್ನೆ ಭಾನುವಾರ ಅಣ್ಣಯ್ಯ ಬೆಂಗಳೂರಿಗೆ ಬಂದು ಸಿನಿಮಾ ನೋಡಿದರು. ಜೊತೆಗೆ ನಮಗೆ ಮರ ಹತ್ತಿ ತೋರಿಸಿದ, ಅಡಿಕೆ ಗೊನೆ ಕೊಯ್ಯುವ ಕೊನೆಗಾರರೂ ಇದ್ದರು. ಇಂಟರ್ವಲ್‌ನಲ್ಲಿ ಕೊನೆಗಾರರು ನನ್ನ ಭುಜ ತಟ್ಟಿ, "ಎರಡನೇ ಸಲ ಮರ ಹತ್ತಿದ್ದು ನಾನಲ್ಲ. ಅದು ಯಾರು?" ಅಂದರು. ನಿಜ, ಅವತ್ತು ಅವರಿಗೆ ಜ್ವರ ಇತ್ತು, ಬೇರೆಯವರನ್ನು ಹತ್ತಿಸಿದ್ದೆವು. ಕಾಲು ಮಾತ್ರ ಕಾಣುವ ಶಾಟ್ ಅದು. ಅಣ್ಣಯ್ಯ ಏನೂ ಹೇಳಲಿಲ್ಲ. ಹೊರಡುವಾಗ, ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ, ಡ್ರಮ್ ಎಲ್ಲಿ ಅಂತ ಕೇಳಿದರು.

ನಮ್ಮ ಟೆರೇಸ್ ಮೇಲಿದೆ ಅಣ್ಣಯ್ಯ. ಕಾವೇರಿ ನೀರು ಬರದ ದಿನಗಳಿಗೆ ಅಂತ ನಮ್ಮಮ್ಮ ಅದರಲ್ಲಿ ನೀರು ತುಂಬಿಸಿಟ್ಟಿದ್ದಾಳೆ. ಮಳೆ ಹಿಡಿಯುವ ಮೊದಲು ತೊಳೆದು ತಂದುಕೊಡುತ್ತೇನೆ.